ಲೂಪರ್‌ಗಳಲ್ಲಿ ಮಿಡಿ ನಿಯಂತ್ರಣ ದೋಷ
ವೇದಿಕೆಯಲ್ಲಿ ನುಡಿಸಿದ ತುಣುಕನ್ನು ಆಗಲೇ ಮುದ್ರಿಸಿ ಮತ್ತೆ ಮತ್ತೆ ನುಡಿಸುವ ಲೂಪರ್ ಉಪಕರಣವು ಫುಟ್‌ಸ್ವಿಚ್ ಅಥವಾ ಕಂಪ್ಯೂಟರ್ ಕಳುಹಿಸಿದ ಮಿಡಿ ಆದೇಶಗಳನ್ನು ತಪ್ಪಾಗಿ, ತಡವಾಗಿ ಪಾಲಿಸುವ ಅಥವಾ ಪಾಲಿಸದಿರುವ ಸ್ಥಿತಿ. ಮಿಡಿ ಎಂಬುದು 1983ರಲ್ಲಿ ಬಳಕೆಗೆ ಬಂದ, ವಿದ್ಯುನ್ಮಾನ ವಾದ್ಯಗಳ ನಡುವಿನ ಸಂಪರ್ಕ ವ್ಯವಸ್ಥೆ. ಇದರ ಮೂಲ ರೂಪದಲ್ಲಿ ವೇಗ ಸೆಕೆಂಡಿಗೆ 31,250 ಬಿಟ್; ಸಂದೇಶಗಳನ್ನು ಬೇರ್ಪಡಿಸುವ ಚಾನೆಲ್‌ಗಳು 16. ಈ ರೂಪದಲ್ಲಿ ಸಂಪರ್ಕ ಏಕಮುಖವಾದ್ದರಿಂದ ಆದೇಶ ತಲುಪಿತೇ ಎಂಬುದು ಕಳುಹಿಸಿದ ಉಪಕರಣಕ್ಕೆ ತಿಳಿಯುವುದಿಲ್ಲ.

ದೋಷಕ್ಕೆ ಸಾಮಾನ್ಯ ಕಾರಣ ಎರಡೂ ಕಡೆಯ ಚಾನೆಲ್ ಬೇರೆಯಾಗಿರುವುದು. ಉಳಿಸಿಟ್ಟ ಹೊಂದಾಣಿಕೆಯನ್ನು ಆರಿಸುವ ಪ್ರೋಗ್ರಾಮ್ ಸಂಖ್ಯೆಯನ್ನು ಕೆಲವು ಉಪಕರಣಗಳು 0ರಿಂದ 127, ಕೆಲವು 1ರಿಂದ 128 ಎಂದು ತೋರಿಸುವುದರಿಂದ ಒಂದು ಸ್ಥಾನ ತಪ್ಪುವುದೂ ಉಂಟು. ಸ್ವಿಚ್ ಒತ್ತಿದಾಗ 127, ಬಿಟ್ಟಾಗ 0 ಎಂಬ ಎರಡು ಸಂದೇಶಗಳು ಹೊರಟು ಲೂಪರ್ ಎರಡನ್ನೂ ಆದೇಶವೆಂದು ಗ್ರಹಿಸಿದರೆ, ಮುದ್ರಣ ಆರಂಭವಾದೊಡನೆ ನಿಲ್ಲುತ್ತದೆ; ಕೇಬಲ್ ಕೆಟ್ಟಿದೆಯೆಂಬ ತಪ್ಪು ತೀರ್ಮಾನಕ್ಕೆ ಎಡೆಗೊಡುವ ದೋಷವಿದು. ಲಯ ಹೊಂದಿಸುವ ಮಿಡಿ ಕ್ಲಾಕ್ ಕಾಲು ಸ್ವರವೊಂದಕ್ಕೆ (ಇಲ್ಲಿ ಒಂದು ಬಡಿತಕ್ಕೆ) 24 ಸಂಕೇತ ಕಳುಹಿಸುತ್ತದೆ, ಅಂದರೆ ನಿಮಿಷಕ್ಕೆ 120 ಬಡಿತದ ಗತಿಯಲ್ಲಿ ಸುಮಾರು 20.8 ಮಿಲಿಸೆಕೆಂಡಿಗೊಂದು. ಈ ಅಂತರ ಏರುಪೇರಾದರೆ ಲೂಪ್ ತಾಳ ತಪ್ಪುತ್ತದೆ.

ಸ್ವಿಚ್‌ನಿಂದ ಹೊರಡುವ ಸಂದೇಶಗಳನ್ನು ಮಿಡಿ ಮಾನಿಟರ್ ತಂತ್ರಾಂಶದಲ್ಲಿ ನೋಡುವುದು ಪತ್ತೆಯ ಮೊದಲ ಹಂತ. ಬಳಿಕ ಒಂದೇ ಕೇಬಲ್‌ನಿಂದ ಎರಡೇ ಉಪಕರಣಗಳನ್ನು ಜೋಡಿಸಿ ಪರೀಕ್ಷಿಸಲಾಗುತ್ತದೆ. ಕೇಬಲ್‌ನ ಉದ್ದವನ್ನೂ ಗಮನಿಸಬೇಕು: ಐದು ಪಿನ್ನಿನ ಮಿಡಿ ಕೇಬಲ್‌ಗೆ ನಿಗದಿಯಾದ ಗರಿಷ್ಠ ಉದ್ದ ಸುಮಾರು 15 ಮೀಟರ್.