ಸೊಯುಜ್-9: ನೆಲಕ್ಕಿಳಿದ ಮೇಲೆ ಶುರುವಾದ ಕಷ್ಟ

2025ರ ಜುಲೈನಲ್ಲಿ ಬಾಹ್ಯಾಕಾಶದಿಂದ ವಾಪಸ್ ಬಂದ ಶುಭಾಂಶು ಶುಕ್ಲಾ ಒಂದಿನ ಲ್ಯಾಪ್‌ಟಾಪ್ ಮುಚ್ಚಿ ಹಾಸಿಗೆ ಪಕ್ಕ ಗಾಳಿಯಲ್ಲೇ ಬಿಟ್ಟರಂತೆ, ತೇಲುತ್ತೆ ಅಂದ್ಕೊಂಡು. ಬಿತ್ತು. ಈ ಸುದ್ದಿ ಓದಿ ನಾನೂ ನಕ್ಕೆ. ಆದರೆ 1970ರಲ್ಲಿ ಇದು ನಗೋ ವಿಷಯ ಆಗಿರಲಿಲ್ಲ.

ಆ ವರ್ಷ ಜೂನ್ 1ಕ್ಕೆ ಆಂಡ್ರಿಯಾನ್ ನಿಕೊಲಾಯೆವ್ ಮತ್ತು ವಿತಾಲಿ ಸೆವಸ್ತ್ಯಾನೊವ್ ಸೊಯುಜ್-9ರಲ್ಲಿ ಹೊರಟರು. ಸುಮಾರು 18 ದಿನ ಮೇಲಿದ್ದರು. ಅಲ್ಲಿಯವರೆಗಿನ ದಾಖಲೆ ಅಮೆರಿಕದ ಜೆಮಿನಿ-7ರ 14 ದಿನ. ನೌಕೆ ಚೆನ್ನಾಗೇ ಇಳಿಯಿತು, ಇಳಿದವರಿಗೆ ನಿಲ್ಲೋಕಾಗಲಿಲ್ಲ. ಬೇರೆಯವರು ಹಿಡಿದುಕೊಳ್ಳಬೇಕಾಯ್ತು. ಚೇತರಿಸಿಕೊಳ್ಳೋಕೆ ದಿನಗಟ್ಟಲೆ ಹಿಡಿಯಿತು. ನಿಕೊಲಾಯೆವ್ ಹೊಸಬರೇನಲ್ಲ, 1962ರಲ್ಲೇ ಸುಮಾರು ನಾಲ್ಕು ದಿನ ಹಾರಿದ್ದವರು.

ಸೋವಿಯತ್ ವೈದ್ಯರಿಗೆ ನಿದ್ದೆ ಕೆಡಿಸೋ ವಿಷಯ ಇದು. ಮುಂದಿನ ವರ್ಷವೇ ಸಲ್ಯೂತ್ ನಿಲ್ದಾಣ ಹಾರಬೇಕು. 18 ದಿನಕ್ಕೇ ಹೀಗಾದರೆ ತಿಂಗಳುಗಟ್ಟಲೆ ಇರೋದು ಹೇಗೆ?

ಕಾಲಿನ, ಬೆನ್ನಿನ ಸ್ನಾಯು ಸೊರಗಿರುತ್ತೆ, ಎದ್ದು ನಿಂತರೆ ರಕ್ತ ಕೆಳಗಿಳಿದು ತಲೆಸುತ್ತು ಬರುತ್ತೆ, ಇವೆಲ್ಲ ಸರಿ. ನನಗೆ ಹೆಚ್ಚು ಕುತೂಹಲ ಕಿವಿಯದ್ದು. ಒಳಕಿವಿಯ ಪುಟ್ಟ ಹರಳುಗಳು ‘ಕೆಳಗೆ’ ಯಾವ ಕಡೆ ಅಂತ ಮೆದುಳಿಗೆ ಹೇಳ್ತಿರುತ್ತವೆ. ತೂಕವೇ ಇಲ್ಲದ ಕಡೆ ಆ ಸುದ್ದಿಗೆ ಅರ್ಥವಿಲ್ಲ, ಮೆದುಳು ಅದನ್ನ ಬದಿಗಿಟ್ಟು ಕಣ್ಣನ್ನೇ ನಂಬೋಕೆ ಶುರುಮಾಡುತ್ತೆ. ವಾಪಸ್ ಬಂದಾಗ ಸೆನ್ಸರ್ ಕೆಟ್ಟಿರಲ್ಲ, ಕ್ಯಾಲಿಬ್ರೇಷನ್ ಹೋಗಿರುತ್ತೆ. ರೀಸ್ಟಾರ್ಟ್ ಮಾಡಿದರೆ ಸರಿಹೋಗೋದಲ್ಲ ಇದು, ನಡೆದೇ ಕಲೀಬೇಕು.

ಆಗಿನ ಸೋವಿಯತ್ ಯಾತ್ರಿಗಳಿಗೆ ರಾತ್ರಿ ಇನ್ನೊಂದು ತೊಂದರೆ. ಸಮವಾಗಿ ಮಲಗಿದ್ದರೂ ಕಾಲಿನ ಕಡೆಗೆ ಜಾರಿ ಬಿದ್ದಂತೆ ಅನಿಸೋದು. ಮಂಚದ ಕಾಲ್ದೆಸೆ ಎತ್ತರಿಸಿ ಮಲಗಿಸಿದರು, ದಿನಾ ಸ್ವಲ್ಪ ಸ್ವಲ್ಪ ಇಳಿಸಿದರು. ಇವತ್ತಿಗೂ ಬಾಹ್ಯಾಕಾಶದ ಪರಿಣಾಮ ತಿಳಿಯೋಕೆ ಜನರನ್ನ ತಲೆ 6 ಡಿಗ್ರಿ ಕೆಳಗಾಗಿ ವಾರಗಟ್ಟಲೆ ಮಲಗಿಸ್ತಾರಲ್ಲ, ಅದರ ಬೇರು ಇಲ್ಲಿದೆ.

ಸೊಂಟದ ಮೂಳೆ ಮುರಿದು ತಿಂಗಳು ಮಲಗಿದ್ದ ಅಪ್ಪ ಮೊದಲ ಸಲ ಎದ್ದು ನಿಂತಾಗ “ನೆಲ ಎಲ್ಲೋ ದೂರ ಐತೋ” ಅಂದಿದ್ದರು. ಪುಣೆಯಿಂದ ವಿಡಿಯೋ ಕಾಲ್‌ನಲ್ಲಿ ನೋಡ್ತಿದ್ದ ನನಗೆ ಹೆದರಿಕೆ ಅಂತ ಕಂಡಿತ್ತು. ಅವರು ಹೇಳಿದ್ದು ಅಕ್ಷರಶಃ ನಿಜ ಅಂತ ಇದನ್ನೆಲ್ಲ ಓದಿದ ಮೇಲೇ ಗೊತ್ತಾಗಿದ್ದು.

ಮುಂದೆ ಸಲ್ಯೂತ್‌ನಲ್ಲಿ ಟ್ರೆಡ್‌ಮಿಲ್ ಬಂತು, ಮೈಯನ್ನ ಎಳೆದು ಹಿಡಿಯೋ ಇಲಾಸ್ಟಿಕ್‌ನ ‘ಪೆಂಗ್ವಿನ್’ ಉಡುಪು ಬಂತು. 1995ರ ಮಾರ್ಚ್‌ನಲ್ಲಿ, ಒಂದೇ ಯಾನದಲ್ಲಿ 437 ದಿನ ಕಳೆದ ವಲೇರಿ ಪೊಲ್ಯಾಕೊವ್ ಇಳಿದರು. ಸ್ವತಃ ವೈದ್ಯರು. ಮಂಗಳಕ್ಕೆ ಹೋದವರನ್ನ ಎತ್ತಿ ಇಳಿಸೋಕೆ ಅಲ್ಲಿ ಯಾರೂ ಇರಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ನೌಕೆಯಿಂದ ಪಕ್ಕದ ಕುರ್ಚಿಯವರೆಗೆ ಅವರು ನಡೆದೇ ಹೋದರು.