ಕರುಳು ಹೀರದ ಕಾಯಿಲೆ: ಪಟ್ಟಿಯೊಳಗೆ ಯಾರು, ಹೊರಗೆ ಯಾರು?

ಉಂಡದ್ದು ಮೈಗೆ ಹತ್ತದ ಸ್ಥಿತಿಯನ್ನು ವೈದ್ಯರು ಮಾಲ್‌ಅಬ್ಸಾರ್ಪ್ಷನ್, ಅಂದರೆ ಪೋಷಕಾಂಶ ಹೀರಿಕೆಯ ಕೊರತೆ ಅಂತಾರೆ. ರೋಗಿಯ ಜೊತೆ ಮಾತಾಡಲು ಈ ಪದ ಸಾಕು. ಚಿಕಿತ್ಸೆಯ ಗುಣಮಟ್ಟ ಅಳೆಯುವ ಕಂಪ್ಯೂಟರಿಗೆ ಮಾತ್ರ ಕೋಡ್‌ಗಳ ಪಟ್ಟಿಯೇ ಬೇಕು. ಇದಕ್ಕೆ 'ವ್ಯಾಲ್ಯೂ ಸೆಟ್' ಎಂದು ಹೆಸರು.

ಪಟ್ಟಿ ಯಾಕೆ ಮುಖ್ಯ?

ಅಮೆರಿಕದ ಮೆಡಿಕೇರ್ ನಡೆಸುವ ಸಿಎಂಎಸ್ ಸಂಸ್ಥೆಯ ಒಂದು ಮಾನದಂಡ ನೋಡಿ. ಮೂಳೆ ಮುರಿತದ ಅಪಾಯಾಂಶಗಳಿಲ್ಲದ 50ರಿಂದ 64 ವರ್ಷದ ಮಹಿಳೆಯರಿಗೆ ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಬರೆದರೆ ಅದು ಅನಗತ್ಯ ಎಂಬ ಲೆಕ್ಕಕ್ಕೆ ಹೋಗುತ್ತದೆ. ಆದರೆ ಸೀಲಿಯಾಕ್ ಕಾಯಿಲೆ ಇರುವವರಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಸರಿಯಾಗಿ ದಕ್ಕದೆ ಮೂಳೆ ಸವೆಯಬಹುದು. ಅಂಥವರನ್ನು ಈ ಲೆಕ್ಕದಿಂದ ಹೊರಗಿಡಲೇಬೇಕು. ಕೋಡ್ ಬಿಟ್ಟುಹೋದರೆ, ಸರಿಯಾದ ಕೆಲಸ ಮಾಡಿದ ವೈದ್ಯರೇ ತಪ್ಪಿತಸ್ಥರಂತೆ ಕಾಣ್ತಾರೆ.

ಏನೇನು ಸೇರುತ್ತೆ?

ಐಸಿಡಿ-10ರಲ್ಲಿ ಇದರ ಮೂಲಮನೆ ಕೆ90. ಕೆ90.0 ಸೀಲಿಯಾಕ್, ಕೆ90.1 ದಕ್ಷಿಣ ಭಾರತಕ್ಕೂ ಹಳೆಯ ಪರಿಚಯದ ಟ್ರಾಪಿಕಲ್ ಸ್ಪ್ರೂ, ಕೆ90.2 ಬ್ಲೈಂಡ್ ಲೂಪ್ ಸಿಂಡ್ರೋಮ್, ಕೆ90.3 ಮೇದೋಜೀರಕ ಗ್ರಂಥಿಯ ತೊಂದರೆಯಿಂದ ಮಲದಲ್ಲಿ ಜಿಡ್ಡು ಹೋಗುವುದು. ಶಸ್ತ್ರಚಿಕಿತ್ಸೆಯ ನಂತರದ ಹೀರಿಕೆಯ ಕೊರತೆಗೆ ಬೇರೆ ಕಡೆ, ಕೆ91.2ರಲ್ಲಿ ಜಾಗ. ಕೆ90 ಒಂದನ್ನೇ ಎತ್ತಿಕೊಂಡರೆ ಇವರೆಲ್ಲ ಕೈಬಿಟ್ಟುಹೋಗುತ್ತಾರೆ. ಹಾಲು ಜೀರ್ಣವಾಗದ ಲ್ಯಾಕ್ಟೋಸ್ ಅಸಹಿಷ್ಣುತೆ ಇ73. ಅದು ಬಹಳ ಜನರಿಗಿದೆ; ಅದನ್ನೂ ಸೇರಿಸಿದರೆ ಪಟ್ಟಿ ವಿಪರೀತ ಹಿಗ್ಗುತ್ತದೆ.

ಎಲ್ಲಿ ತೊಡಕು?

ಮೊದಲನೆಯದು, 'ದೀರ್ಘಕಾಲದ' ಎಂಬ ಮಾತು. ಕಾಯಿಲೆ ಎಷ್ಟು ತಿಂಗಳಿಂದಿದೆ ಅಂತ ಈ ಕೋಡ್‌ಗಳು ಹೇಳೋದಿಲ್ಲ. ಎರಡನೆಯದು ಕೆ90.9, ಅಂದರೆ 'ಕಾರಣ ನಿರ್ದಿಷ್ಟವಾಗಿಲ್ಲ'. ಇದನ್ನು ಸೇರಿಸಿದರೆ ಅನಗತ್ಯ ಸ್ಕ್ಯಾನ್‌ಗಳಿಗೂ ನೆಪ ಸಿಗುತ್ತದೆ. ಬಿಟ್ಟರೆ, ಎಂಡೋಸ್ಕೋಪಿ, ಬಯಾಪ್ಸಿ ಮಾಡಿಸಲಾಗದೆ ಕಾರಣ ಪತ್ತೆಯಾಗದ ರೋಗಿಗೆ ಅನ್ಯಾಯ.

ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ನಡೆಸುವ ವ್ಯಾಲ್ಯೂ ಸೆಟ್ ಭಂಡಾರದಲ್ಲಿ ಪಟ್ಟಿಯ ಉದ್ದೇಶ, ಏನು ಒಳಗೆ, ಏನು ಹೊರಗೆ ಎಂದು ಬರೆಯಲು ಜಾಗವಿದೆ. ಅಲ್ಲಿ 'ಸಂಬಂಧಪಟ್ಟ ಎಲ್ಲ ಕೋಡ್‌ಗಳು' ಅಂತ ಗೀಚಿದರೆ ಪ್ರಯೋಜನವಿಲ್ಲ. ಮೂಳೆಯ ಲೆಕ್ಕಕ್ಕೆ ಮಾಡಿದ ಪಟ್ಟಿ ರಕ್ತಹೀನತೆಯ ಲೆಕ್ಕಕ್ಕೆ ಹೊಂದಬೇಕೆಂದೇನಿಲ್ಲ. ಯಾವ ಪ್ರಶ್ನೆಗಾಗಿ ಎಣಿಸುತ್ತಿದ್ದೇವೆ ಅನ್ನೋದು ಮೊದಲು ತೀರ್ಮಾನವಾಗಬೇಕು, ಕೋಡ್ ಆಮೇಲೆ.