ಉಸಿರು ಎಣಿಸುವವರು ಎಲ್ಲಿ ಹೋದರು?

ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತ ಮೇಲೆ ತುಮಕೂರಿನಲ್ಲೂ ಒಂದು ಮಾತು ಕಿವಿಗೆ ಬೀಳುತ್ತಿದೆ: ಸಿರಪ್ ಬೇಡ, ಅಜ್ಜಿಮದ್ದೇ ಸರಿ. ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ಇನ್ನರ್ಧ ಒಪ್ಪಬೇಕಾದರೆ ಮಕ್ಕಳ ಕೆಮ್ಮಿನ ವೈದ್ಯ ನಡೆದು ಬಂದ ದಾರಿಯನ್ನೇ ಮರೆಯಬೇಕು.

ಅಜ್ಜಿಮದ್ದು ಎಂದರೆ ದೊಡ್ಡಪತ್ರೆ ರಸ, ತುಳಸಿ, ತೇಯ್ದ ಬಜೆ. ಪಕ್ಕೆ ಸೆಳೆಯುವ ಕೂಸಿನ ಹೊಟ್ಟೆಗೆ ಬರೆ ಹಾಕುತ್ತಿದ್ದದ್ದೂ ಆ ಅಜ್ಜಿಯರ ಕಾಲದಲ್ಲೇ. ಅದನ್ನು ಈಗ ಯಾರೂ ನೆನೆಯುವುದಿಲ್ಲ. ಅಜ್ಜಿಮದ್ದುಗಳಲ್ಲಿ ಪರೀಕ್ಷೆಗೆ ನಿಂತು ಗೆದ್ದದ್ದು ಜೇನುತುಪ್ಪ. ಮಲಗುವ ಮುಂಚೆ ಒಂದಿಷ್ಟು ಜೇನು ಕೊಟ್ಟರೆ ರಾತ್ರಿಯ ಕೆಮ್ಮು ತಗ್ಗುತ್ತದೆಂದು 2007ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆದರೆ ವರ್ಷ ತುಂಬದ ಕೂಸಿಗೆ ನೆಕ್ಕಿಸುವಂತೆಯೇ ಇಲ್ಲ, ಬಾಟುಲಿಸಂ ಭಯವಿದೆ. ಇನ್ನು ನಾಯಿಕೆಮ್ಮನ್ನು ಓಡಿಸಿದ್ದು ಯಾವ ಕಷಾಯವೂ ಅಲ್ಲ, 1978ರ ನಂತರ ಊರೂರಿಗೆ ಬಂದ ಡಿಪಿಟಿ ಲಸಿಕೆ.

ನನ್ನ ಮಟ್ಟಿಗೆ ದೊಡ್ಡ ತಿರುವು ಬಂದದ್ದು ಔಷಧಿಯಿಂದಲ್ಲ, ಎಣಿಕೆಯಿಂದ. ಸ್ಟೆತಸ್ಕೋಪು, ಎಕ್ಸ್‌ರೇ ಇಲ್ಲದ ಕಡೆಯೂ ಉಸಿರಿನ ವೇಗ ನೋಡಿ ನಿಮೋನಿಯಾ ಗುರುತಿಸಬಹುದೆಂದು 1980ರ ದಶಕದಲ್ಲಿ ಪಪುವಾ ನ್ಯೂಗಿನಿಯಲ್ಲಿ ಫ್ರ್ಯಾಂಕ್ ಶಾನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. 1992ರಲ್ಲಿ ಅದು ನಮ್ಮ ದೇಶದ ತಾಯಿ-ಮಕ್ಕಳ ಕಾರ್ಯಕ್ರಮಕ್ಕೆ ಸೇರಿ, ಸಿಸ್ಟರುಗಳ ಕೈಗೆ ಕೋಟ್ರೈಮಾಕ್ಸಜೋಲ್ ಮಾತ್ರೆ ಬಂತು. ನಮ್ಮ ತಲೆಮಾರು ಕಲಿತದ್ದು ಹೀಗೆ: ಮಗು ತಾಯಿಯ ಮಡಿಲಲ್ಲಿ ಸುಮ್ಮನಿರಬೇಕು, ಅಳುತ್ತಿದ್ದರೆ, ಹಾಲು ಕುಡಿಯುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ನಿಮೋನಿಯಾ ಅಂತಲೇ ಹಿಡಿ. ಎರಡು ತಿಂಗಳೊಳಗಿನ ಕೂಸಾದರೆ, ಎದೆಗೂಡಿನ ಕೆಳಭಾಗ ಒಳಕ್ಕೆ ಸೆಳೆದರೆ, ಮಗು ಹಾಲು ಬಿಟ್ಟರೆ ನೇರ ಆಸ್ಪತ್ರೆ. ಉಳಿದ ಮಾಮೂಲಿ ನೆಗಡಿ-ಕೆಮ್ಮಿಗೆ ಬೆಚ್ಚಗಿಡು, ಎದೆಹಾಲು ನಿಲ್ಲಿಸಬೇಡ, ಕಟ್ಟಿದ ಮೂಗಿಗೆ ಉಪ್ಪುನೀರಿನ ಹನಿ ಬಿಡು. ಇಷ್ಟೇ. ಇಷ್ಟಕ್ಕೆ ಫೀಸು ಕೊಡಲು ಜನಕ್ಕೆ ಮನಸ್ಸು ಬರುವುದಿಲ್ಲ, ಅದು ಬೇರೆ ಮಾತು.

ಉಬ್ಬಸದ ಕಥೆ ಇದಕ್ಕೆ ಹೊಂದಿಕೊಂಡೇ ಬಂತು. ಬೆಂಗಳೂರಿನ ಡಾ. ಎಚ್. ಪರಮೇಶ್ ಅವರು ಮಕ್ಕಳಲ್ಲಿ ಆಸ್ತಮಾ 1979ರ ಶೇ. 9ರಿಂದ 1999ಕ್ಕೆ ಶೇ. 29.5ಕ್ಕೆ ಏರಿದ್ದನ್ನು ದಾಖಲಿಸಿದರು. ಇನ್‌ಹೇಲರ್ ಬರೆದರೆ ಕುಣಿಗಲ್ ಕಡೆಯ ತಾಯಂದಿರು ಇವತ್ತಿಗೂ 'ಪಂಪ್ ಅಭ್ಯಾಸ ಆಗಿಬಿಡುತ್ತೆ ಡಾಕ್ಟ್ರೇ' ಅನ್ನುತ್ತಾರೆ. ಸ್ಪೇಸರ್ ಹಚ್ಚಿದ ಇನ್‌ಹೇಲರ್ ಮನೆಯಲ್ಲೇ ಮಾಡುವ ಕೆಲಸಕ್ಕೆ ವಾರಕ್ಕೊಮ್ಮೆ ನೆಬ್ಯುಲೈಸರ್ ಹಾಕಿಸಲು ಬಸ್ ಹತ್ತುತ್ತಾರೆ.

ಸಿರಪ್ಪಿನದು ನಾಚಿಕೆಯ ಅಧ್ಯಾಯ. 1986ರಲ್ಲೇ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಗ್ಲಿಸರಿನ್ 14 ಜನರನ್ನು ಕೊಂದಿತ್ತು. 2022ರಲ್ಲಿ ಗ್ಯಾಂಬಿಯಾ, 2025ರಲ್ಲಿ ಛಿಂದ್ವಾಡ. ಛಿಂದ್ವಾಡದ ಮಕ್ಕಳು ಕುಡಿದ ಕೋಲ್ಡ್ರಿಫ್ ಸಿರಪ್ಪಿನ ಮಾದರಿಯಲ್ಲಿ ಆ ವಿಷ ಶೇ. 48.6ರಷ್ಟಿತ್ತು. ಎರಡು ವರ್ಷದೊಳಗೆ ನೆಗಡಿ-ಕೆಮ್ಮಿನ ಸಿರಪ್ ಬೇಡ, ಐದರೊಳಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಸೂಚಿಸಿದ್ದು ಆ ಅಕ್ಟೋಬರ್‌ನಲ್ಲಿ. ವಿಷವಿಲ್ಲದ ಸಿರಪ್ಪೂ ಸಣ್ಣ ಮಕ್ಕಳ ಕೆಮ್ಮು ವಾಸಿಮಾಡುತ್ತಿರಲಿಲ್ಲ ಎಂಬುದು ಮಾತ್ರ ಈ ಗದ್ದಲದಲ್ಲಿ ಮುಚ್ಚಿಹೋಯಿತು.

ಮಕ್ಕಳ ನಿಮೋನಿಯಾ ತಡೆಯಲು ಕೇಂದ್ರ ಹೂಡಿದ 2019ರ 'ಸಾಂಸ್' ಅಭಿಯಾನ ಮತ್ತೆ ಎಣಿಕೆಗೇ ಬಂತು. 2021ರಲ್ಲಿ ನ್ಯೂಮೊಕಾಕಲ್ ಲಸಿಕೆಯೂ ದೇಶಾದ್ಯಂತ ಉಚಿತವಾಯಿತು. ಆದರೂ ನನ್ನ ಮುಂದೆ ಬರುವ ಹಳೆಯ ಚೀಟಿಗಳಲ್ಲಿ ಮಗುವಿನ ತೂಕ ಇರುತ್ತದೆ, ಜ್ವರ ಇರುತ್ತದೆ, ಆಂಟಿಬಯಾಟಿಕ್ ಅಂತೂ ಇದ್ದೇ ಇರುತ್ತದೆ. ಉಸಿರಿನ ಸಂಖ್ಯೆ ಅಪರೂಪ. ಕೆಮ್ಮು ಕೆರಳಿಸುವ ಒಲೆಯ ಹೊಗೆಯ ಬಗ್ಗೆಯೂ ಯಾರೂ ಬರೆದಿರುವುದಿಲ್ಲ. ಗುಬ್ಬಿಯ ತೋಟದ ಮನೆಗಳಲ್ಲಿ ಗ್ಯಾಸ್ ಬಂದಿದ್ದರೂ ಹಂಡೆ ಕಾಯುವುದು ತೆಂಗಿನ ಮಟ್ಟೆ, ಸೋಗೆಯಲ್ಲೇ. ಸ್ನಾನವಾದ ಕೂಸಿಗೆ ಬಾಗಿಲು ಮುಚ್ಚಿ ಸಾಂಬ್ರಾಣಿ ಹೊಗೆ ಹಾಕುವುದೂ ನಿಂತಿಲ್ಲ. ಕೆಮ್ಮಿದ ಮಗುವಿಗೆ ಮೂರನೇ ಸಲ ಆಂಟಿಬಯಾಟಿಕ್ ಬರೆಯುವ ಮೊದಲು, ನೀರು ಎಲ್ಲಿ ಕಾಯಿಸ್ತೀರಮ್ಮ ಅಂತ ಕೇಳಬಹುದು.